ಹತ್ತು ವರ್ಷ ಓಡಿದ್ದನ್ನು ತೋರಿಸಿ

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಮೇಯಿಸುವವರು ಹೆಂಗಸರು, ಗೂಡು ಮಾರುವವರು ಗಂಡಸರು. ಮೇಲೂರಿನಲ್ಲಿ ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ, ಪದ್ಧತಿ ಎನ್ನುತ್ತಾರೆ. ಅನ್ಯಾಯಕ್ಕೆ ವಯಸ್ಸಾದರೆ ಅದಕ್ಕೆ ಇಡುವ ಹೆಸರೇ ಪದ್ಧತಿ. ಸೊಪ್ಪು ಕೊಯ್ಯುವುದು, ಬೆಳಗಿನ ಜಾವ ಎದ್ದು ಹುಳಕ್ಕೆ ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಇಷ್ಟೂ ನನ್ನ ಅತ್ತೆ ಲಕ್ಷ್ಮೀನರಸಮ್ಮನ ಕೈಯಲ್ಲಿ. ಗೂಡಿನ ಚೀಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟ ಗಳಿಗೆಯಿಂದ ಬೆಳೆ ಮಾವ ಮುನಿನಾರಾಯಣಪ್ಪನದು. "ಈ ಸಲ ಒಳ್ಳೆ ಬೆಳೆ ತೆಗ್ದೆ ಕಣಪ್ಪ" ಎಂದು ಅವರು ಟೀ ಅಂಗಡಿಯಲ್ಲಿ ಹೇಳುತ್ತಿರುವಾಗ ಅತ್ತೆ ಹಿತ್ತಲಲ್ಲಿ ಕೂತು ಚಂದ್ರಿಕೆಗೆ ಅಂಟಿದ ಎಳೆ ಸುಡುತ್ತಿರುತ್ತಾರೆ.

ಹಳೇ ಕಾರು ಕೈಕೊಟ್ಟಾಗ ಆ ಪದ್ಧತಿಯೇ ಹೊಸ ಕಾರಿನ ಮುಂದೆ ಬಂದು ನಿಂತಿತು.

ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಆ ಹಳೇ ಕಾರನ್ನು ಡ್ಯೂಟಿಗೆ ದಿನಾ ಓಡಿಸುತ್ತಿದ್ದವಳು ನಾನೇ. ಅದು ಮೂರನೇ ಸಲ ರಸ್ತೆಯ ಮಧ್ಯೆ ಹೊಗೆ ಬಿಟ್ಟು ನಿಂತ ದಿನ ಮಾವ ಘೋಷಿಸಿದರು: "ಸಾಕು. ಹೊಸದು ತಗಣಣ." ಮಾರನೆಯ ದಿನವೇ ನನ್ನ ಗಂಡ ವೇಣುಗೋಪಾಲನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಶೋರೂಮಿಗೆ ಹೋಗಿ ಬಂದರು. ದಿನಾ ಓಡಿಸುವವಳನ್ನು ಕರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಹಜಾರದಲ್ಲಿ ಬಣ್ಣದ ಕಾಗದಗಳು ಹರಡಿಕೊಂಡವು. ಕಪ್ಪು ಬಣ್ಣದ, ಎತ್ತರದ, ಎದೆ ಉಬ್ಬಿಸಿ ನಿಂತ ಗಾಡಿ.

"ಮಂಚೇನಹಳ್ಳಿ ನರಸಿಂಹಪ್ಪ ಭಾವ ತಗಂಡವ್ರಲ್ಲ, ಅದ್ರಪ್ಪನಂಗೈತೆ ಇದು" ಎಂದರು ಮಾವ. "ಮದ್ವೆ ಮನೆ ಮುಂದೆ ನಿಂತ್ರೆ ನಾಲ್ಕು ಜನ ತಿರುಗಿ ನೋಡ್ಬೇಕು."

"ಎಷ್ಟು ವರ್ಷ ಬಾಳಿಕೆ ಬರ್ತದೆ?" ಎಂದೆ.

"ಶೈಲಜಾ, ಗಾಡಿ ಕಂಡ್ರೆ ಆಸೆ ಆಗ್ಬೇಕು. ನೀನು ಪೇಷೆಂಟ್ ವಿಷ್ಯ ಕೇಳ್ದಂಗೆ ಕೇಳ್ತೀಯಲ್ಲಮ್ಮ" ಎಂದು ನಕ್ಕರು.

ನನ್ನ ಗಂಡನೂ ನಕ್ಕ. ಅಷ್ಟರಲ್ಲಿ ಮಾವ ಎದ್ದು ಟೇಪು ಹಿಡಿದು ಹಿತ್ತಲಿಗೆ ನಡೆದರು. ಅಳೆದರು, ತಿರುಗಿ ಅಳೆದರು. ಆಮೇಲೆ ಹೇಳಿದ ಮಾತೇ ಈ ಕಥೆಯ ಬೆಂಕಿ: "ಹಳೇ ಕಾರಿನ ಜಾಗದಲ್ಲಿ ಇದು ಹಿಡಿಯಲ್ಲ. ಚಂದ್ರಿಕೆ ಕೊಟ್ಟಿಗೆ ಖಾಲಿ ಮಾಡ್ಸಿ. ಗಾಡಿ ಅಲ್ಲೇ ನಿಲ್ಲಲಿ."

ಚಂದ್ರಿಕೆ ಕೊಟ್ಟಿಗೆಯೆಂದರೆ ಹುಳ ಗೂಡು ಕಟ್ಟುವ ಜಾಗ. ಗಾಳಿ ಆಡಬೇಕು, ಬಿಸಿಲು ತಾಗಬಾರದು, ಹೊಗೆ, ಪೆಟ್ರೋಲು, ಸೆಂಟು ಯಾವ ವಾಸನೆಯೂ ಸುಳಿಯಬಾರದು. ಹೂ ಮುಡಿದುಕೊಂಡು ಬಂದ ನೆಂಟರನ್ನೇ ಅತ್ತೆ ಅಲ್ಲಿಂದ ಆಚೆ ಕಳಿಸುತ್ತಾರೆ. ಮೂವತ್ತು ವರ್ಷ ಗೂಡು ಮಾರಿದ ಮನುಷ್ಯನಿಗೆ ಗೂಡು ಎಲ್ಲಿ ಹುಟ್ಟುತ್ತದೆ ಎಂಬುದು ಮರೆತೇಹೋಗಿತ್ತು. ಇಂಥ ಮರೆವು ಯಜಮಾನರಿಗೆ ಮಾತ್ರ ಬರುವ ಕಾಯಿಲೆ.

ನಮ್ಮಲ್ಲಿ ಸೊಪ್ಪಿನ ಕೆಲಸಕ್ಕೆ ಬರುವ ಆಂಜಿನಮ್ಮ ಅಲ್ಲೇ ಇದ್ದರು. "ಕಾರು ಅಲ್ಲಿ ನಿಂತ್ರೆ ಗೂಡು ಕಟ್ತದಾ ಯಜಮಾನ್ರೇ?" ಎಂದರು, ಮುಖ ಆಚೆ ತಿರುಗಿಸಿಕೊಂಡು.

ಅತ್ತೆ ಕೈ ಒರೆಸಿಕೊಂಡು ಮುಂದೆ ಬಂದರು. "ಹುಳ ಮೇಯ್ಸಿದ್ದು ನಾವು. ಆ ದುಡ್ಡಲ್ಲಿ ಬರೋ ಗಾಡಿ. ನಾವು ನೋಡ್ತೀವಿ, ನಾವು ಆರಿಸ್ತೀವಿ."

"ನಿಂಗೇನೇ ಗೊತ್ತು ಗಾಡಿ ವಿಷ್ಯ?"

"ಗೂಡಿನ ವಿಷ್ಯ ಗೊತ್ತು."

ಮಾವನಿಗೆ ತಮಾಷೆ ಎನಿಸಿತು. "ಆಯ್ತು ಹೋಗು. ಭಾನುವಾರ ಒಳ್ಳೇ ದಿನ, ಅವತ್ತು ಅಡ್ವಾನ್ಸ್ ಕೊಡೋದು. ಅಷ್ಟರೊಳಗೆ ಅದೇನು ಆರಿಸ್ತೀಯೋ ಆರಿಸ್ಕೋ. ಏ ವೇಣು, ನಿಮ್ಮಮ್ಮ ಕಾರಿಗೂ ಸೊಪ್ಪು ಹಾಕ್ತಾಳೋ ಏನೋ ನೋಡೋ!"

ಒಂದು ಬೆಳೆ ಮುಗಿದು ಇನ್ನೊಂದು ಬರುವವರೆಗೆ ಹುಳುಮನೆ ತೊಳೆದು, ಔಷಧಿ ಹೊಡೆದು, ಬಾಗಿಲು ಮುಚ್ಚಿಡುತ್ತೇವೆ. ಮೇಲೂರಿನ ಹೆಂಗಸರು ನೆಂಟರ ಮನೆಗೆ ಹೋಗುವುದು, ಹಲ್ಲು ಕೀಳಿಸುವುದು, ಕಣ್ಣು ತೋರಿಸುವುದು, ಎಲ್ಲವೂ ಆ ಬಿಡುವಿನಲ್ಲೇ. ನಮ್ಮ ಅತ್ತೆ ಆ ಬಿಡುವಿನಲ್ಲಿ ಕಾರು ನೋಡಲು ಹೊರಟರು. ನಾನು ರಜೆ ಹಾಕಿದೆ.

ಬಸ್ಸಿಗೆ ಕಾಯುತ್ತ ಕೇಳಿದೆ: "ಯಾವ ಶೋರೂಮಿಗೆ ಹೋಗಣ ಅತ್ತೆ?"

"ಶೋರೂಮು ಯಾಕೆ? ಮುಂದೆ ಹೊಳೆಯೋದು ಇಟ್ಟಿರ್ತಾರೆ. ಚೀಲದ ಮೇಲೆ ಒಳ್ಳೇ ಗೂಡು, ಕೆಳಗೆ ಕಲೆ ಗೂಡು. ನಿಮ್ಮಾವ ನಂಗೆ ಮೊದಲು ಹೇಳ್ಕೊಟ್ಟ ವಿದ್ಯೆನೇ ಅದು." ಸೆರಗು ಸರಿಮಾಡಿಕೊಂಡು ಮುಂದುವರಿಸಿದರು. "ಗೂಡು ಕೊಂಡು ನೂಲು ತೆಗೆಯೋ ರೀಲರು, ಬುದ್ಧಿ ಇದ್ರೆ, ಮೇಲಿಂದು ನೋಡಲ್ಲ. ಮೊಣಕೈವರೆಗೂ ಕೈ ಬಿಟ್ಟು ತಳದ್ದು ತೆಗೀತಾನೆ. ನಾವು ತಳದ್ದು ನೋಡಣ. ಹತ್ತು ವರ್ಷ ಓಡಿರೋದು."

ಹೀಗೆ ಶುರುವಾಯಿತು. ಮೊದಲು ಹೋದದ್ದು ಚಿಂತಾಮಣಿಗೆ. ಅಲ್ಲಿ ನನ್ನ ತಮ್ಮನ ಸ್ನೇಹಿತ ರಮೇಶ್‌ಬಾಬು ಟೊಮೆಟೊ ಮಂಡಿ ಇಟ್ಟಿದ್ದಾನೆ. ಮಾವ ಮೆಚ್ಚಿದ ಎತ್ತರದ ಗಾಡಿಯ ಹಳೇ ಅವತಾರ ಅವನ ಹತ್ತಿರ ಇತ್ತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು ಬಾಗಿಲು ತೆಗೆದರು. ಬಾಗಿಲು ಒಂದಿಷ್ಟು ಕೆಳಕ್ಕೆ ಜೋತುಬಿತ್ತು. ಮುಚ್ಚಿದರು, ಎರಡನೇ ಸಲ ಎಳೆದಾಗ ಕೂತಿತು.

"ನೋಡಕ್ಕೆ ಚೆನ್ನಾಗೈತಪ್ಪ" ಎಂದರು ಅತ್ತೆ.

"ನೋಡಕ್ಕೆ ಅಷ್ಟೇ ಕಣಕ್ಕ!" ಎಂದ ರಮೇಶ್‌ಬಾಬು. "ಏನಾದ್ರೂ ಹೋದ್ರೆ ಸಾಮಾನು ಬೆಂಗ್ಳೂರಿಂದ ಬರ್ಬೇಕು. ಅಲ್ಲಿವರೆಗೂ ವರ್ಕ್‌ಶಾಪಲ್ಲಿ ಅಳಿಯನಂಗೆ ಕೂತಿರ್ತದೆ. ತಗಂಡಾಗ ಎಲ್ಲಾ ತಿರುಗಿ ನೋಡಿದ್ರು. ಈಗ ತಳ್ಳೋವಾಗ್ಲೂ ನೋಡ್ತಾರೆ."

ಅತ್ತೆ ನಗಲಿಲ್ಲ. ಮನಸ್ಸಿನಲ್ಲೇ ಆ ಚೀಲ ಕಟ್ಟಿ ಪಕ್ಕಕ್ಕಿಟ್ಟರು.

ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ, ಗೂಡಿನ ಮಾರುಕಟ್ಟೆಯ ಹೊರಗೆ, ಕಲ್ಯಾಣ ಮಂಟಪದ ಮುಂದೆ, ಎಲ್ಲಿ ಮಾಸಿದ ಕಾರು ಕಂಡರೂ ನಿಂತರು. "ಎಷ್ಟು ವರ್ಷ ಆಯ್ತಪ್ಪ? ಎಷ್ಟು ಸಲ ಕೈಕೊಡ್ತು?" ಎಂದು ಕೇಳಿದರು. ಗಂಡಸರು ಮೊದಲು ನನ್ನ ಮುಖ ನೋಡುತ್ತಿದ್ದರು, ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ಇಣುಕುತ್ತಿದ್ದರು. ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಜ ಹೇಳುತ್ತಿದ್ದರು. ಗಂಡಸಿನ ಮುಂದೆ ಗಂಡಸು ತನ್ನ ಗಾಡಿಯನ್ನು ಹೀಗಳೆಯುವುದಿಲ್ಲ; ಹೆಂಗಸರ ಮುಂದೆ ಹೇಳಿದರೆ ಮಾನ ಹೋಗುವುದಿಲ್ಲ ಎಂದುಕೊಳ್ಳುತ್ತಾನೆ. ನಮ್ಮನ್ನು ಲೆಕ್ಕಕ್ಕಿಡದೇ ಇದ್ದದ್ದು ಮೊದಲ ಸಲ ನಮಗೆ ಲಾಭವಾಯಿತು.

ಶುಕ್ರವಾರ ನನಗೆ ಓಬಳಮ್ಮ ನೆನಪಾದರು. ಮಂಚೇನಹಳ್ಳಿಯವರು. ಗಂಡ ಸತ್ತ ಮೇಲೆ ಅವನ ಬಾಡಿಗೆ ಕಾರನ್ನು ಮಾರಿಬಿಡು ಎಂದ ಮೈದುನರನ್ನು ಬಾಗಿಲಾಚೆ ನಿಲ್ಲಿಸಿ, ಸ್ಟೀರಿಂಗು ಹಿಡಿದ ಹೆಂಗಸು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಮಂಚೇನಹಳ್ಳಿ, ಗೌರಿಬಿದನೂರು ಕಡೆಯಿಂದ ನಮ್ಮ ಆಸ್ಪತ್ರೆಗೆ ಕರೆತಂದು, ಸಂಜೆ ವಾಪಸ್ಸು ಬಿಡುತ್ತಾರೆ. ಕಾರು ಮಟ್ಟಸವಾದದ್ದು, ಬಿಳಿ ಬಣ್ಣ, ಹಳದಿ ಬೋರ್ಡು. ಮದುವೆ ಮನೆ ಮುಂದೆ ನಿಂತರೆ ನಾಯಿಯೂ ತಿರುಗಿ ನೋಡುವುದಿಲ್ಲ. ಅತ್ತೆಯನ್ನು ಆಸ್ಪತ್ರೆಯ ಮುಂದಕ್ಕೆ ಕರೆದೊಯ್ದು, ಬಂದ ಕಾರಣ ಹೇಳಿದೆ.

"ಏಮಮ್ಮಾ ಸಿಸ್ಟರ್, ನಮ್ ಗಾಡೀನೂ ಹೆಣ್ಣು ನೋಡ್ದಂಗೆ ನೋಡಕ್ಕೆ ಬಂದ್ರಾ?" ಎಂದು ನಕ್ಕರು ಓಬಳಮ್ಮ.

"ಎಷ್ಟು ವರ್ಷದ್ದಮ್ಮ?" ಎಂದರು ಅತ್ತೆ.

"ಹನ್ನೊಂದು ತುಂಬ್ತು. ಪೇಷೆಂಟ್‌ನ ಇಟ್ಕೊಂಡು ಒಂದಿನಾನೂ ದಾರೀಲಿ ನಿಂತಿಲ್ಲ. ನಿಂತಿದ್ರೆ ನಾನಿಲ್ಲಿ ನಗ್ತಾ ಇರ್ತಿದ್ನಾ?"

ಆ ಸಂಜೆ ಚಿಕಿತ್ಸೆ ಮುಗಿಸಿದ ಒಬ್ಬ ಅಜ್ಜ, ಅವರ ಮಗಳು, ಅತ್ತೆ, ನಾನು ಎಲ್ಲರೂ ಅದೇ ಕಾರಿನಲ್ಲಿ ಮಂಚೇನಹಳ್ಳಿಗೆ ಹೊರಟೆವು. ರಸ್ತೆ ಕಿತ್ತುಹೋದ ಕಡೆ ಅತ್ತೆ ಕಿಟಕಿ ಏರಿಸಲು ಹೇಳಿದರು. ಎಲ್ಲರನ್ನೂ ಸುಮ್ಮನಿರಿಸಿ ಕಣ್ಣು ಮುಚ್ಚಿಕೊಂಡರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಮುಖದಲ್ಲಿ ಬರುವ ಅದೇ ಗಾಂಭೀರ್ಯ. ಕಾರು ಗುಂಡಿಗೆ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು. ಹಿಂದಿನ ಸೀಟಿನಲ್ಲಿ ಅಜ್ಜ ಗೊರಕೆ ಹೊಡೆಯುತ್ತಲೇ ಇದ್ದರು.

"ಗೂಡು ಅಲ್ಲಾಡ್ಸಿದ್ರೆ ಒಳಗೆ ಹುಳದ ಸದ್ದು ಬರ್ಬೇಕು" ಎಂದರು ಅತ್ತೆ, ಕಣ್ಣು ತೆರೆದು. "ಕಾರು ಅಲ್ಲಾಡ್ಸಿದ್ರೆ ಬರ್ಬಾರ್ದು. ಇದು ಬರ್ಲಿಲ್ಲ."

ಇಳಿಯುವ ಮುಂಚೆ ಸಾಮಾನು ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎಲ್ಲ ವಿಚಾರಿಸಿದರು. "ಗೌರಿಬಿದನೂರಲ್ಲಿ ಸಿಗ್ತದೆ, ಶಿಡ್ಲಘಟ್ಟದಲ್ಲಿ ಸಿಗ್ತದೆ. ಯಾವ ಮೆಕ್ಯಾನಿಕ್ ಆದ್ರೂ ಕಣ್ಣು ಮುಚ್ಕೊಂಡು ಬಿಚ್ತಾನೆ" ಎಂದರು ಓಬಳಮ್ಮ. ಅತ್ತೆ ಇಳಿದು, ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಇದೇ ತಳಿ" ಎಂದರು.

ಭಾನುವಾರ ಶೋರೂಮು. ಕಪ್ಪು ಗಾಡಿಗೆ ಆಗಲೇ ಕುಂಕುಮ ಇಟ್ಟಿದ್ದರು. ಚಿರಂಜೀವಿ ಎಂಬ ಸೇಲ್ಸ್ ಹುಡುಗ ಮಾವನಿಗೆ "ಸಾರ್", ಗಂಡನಿಗೆ "ಸಾರ್" ಎನ್ನುತ್ತ, ನಮ್ಮಿಬ್ಬರಿಗೆ ಜ್ಯೂಸು ಕೊಟ್ಟು ಸೋಫಾ ತೋರಿಸಿದ. ಅತ್ತೆ ಜ್ಯೂಸು ಕುಡಿದರು. ಸೋಫಾದಲ್ಲಿ ಕೂರಲಿಲ್ಲ.

"ಈ ಗಾಡಿ ಹತ್ತು ವರ್ಷ ಓಡಿದ್ಮೇಲೆ ಹೆಂಗಿರ್ತದೆ, ತೋರ್ಸಪ್ಪ."

ಹುಡುಗ ತಬ್ಬಿಬ್ಬಾದ. "ಅಮ್ಮ, ಇದು ಹೊಸ ಮಾಡೆಲ್ಲು. ಬಂದೇ ಇನ್ನೂ ವರ್ಷ ಆಗಿಲ್ಲ."

"ಇದರ ಅಣ್ಣನ್ನ ಚಿಂತಾಮಣೀಲಿ ನೋಡ್ಕೊಂಡು ಬಂದೆ. ಬಾಗಿಲು ಜೋತುಬಿದ್ದೈತೆ. ಆ ಮೂಲೇಲಿ ನಿಂತಿರೋದು ಓಬಳಮ್ಮನ ಗಾಡಿ ತಳಿ, ಅದು ಸಾಕು."

"ಸಾಕು ಬಾರೇ" ಎಂದರು ಮಾವ, ಸುತ್ತ ನೋಡಿಕೊಂಡು. "ಊರಿಗೆಲ್ಲ ಹೇಳಾಗೈತೆ. ತಗೊಳಪ್ಪ ಅಡ್ವಾನ್ಸು."

ಅತ್ತೆ ಧ್ವನಿ ಏರಿಸಲಿಲ್ಲ. ಜಗಳಕ್ಕೆ ಬಂದವರಂತೆ ಸೊಂಟದ ಮೇಲೆ ಕೈ ಇಡಲೂ ಇಲ್ಲ. ಇಡೀ ಶೋರೂಮಿಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು: "ತಗಳ್ಳಿ. ನಿಮ್ಮಿಷ್ಟ. ತಗಂಡೋಗಿ ಚಂದ್ರಿಕೆ ಕೊಟ್ಟಿಗೇಲೇ ನಿಲ್ಸಿ. ಬುಧವಾರ ಮರಿಹುಳ ಬರ್ತದೆ. ಈ ಬೆಳೆ ನೀವೇ ಮೇಯ್ಸಿ. ನಾನೂ ಮುಟ್ಟಲ್ಲ, ಶೈಲಜಾನೂ ಮುಟ್ಟಲ್ಲ, ಆಂಜಿನಮ್ಮನೂ ಬರಲ್ಲ. ಮಾತಾಡಿದ್ದೀನಿ."

ಮುಷ್ಕರ ಎಂದರೆ ಧ್ವಜ ಬೇಕು, ಮೈಕು ಬೇಕು ಎಂದು ನಾನು ತಿಳಿದಿದ್ದೆ. ಎ.ಸಿ. ಶೋರೂಮಿನಲ್ಲಿ ಕಿತ್ತಳೆ ಜ್ಯೂಸಿನ ಲೋಟ ಹಿಡಿದುಕೊಂಡೂ ಮಾಡಬಹುದು. ನನ್ನ ಎದೆ ಆ ಗಾಡಿಗಿಂತ ಎತ್ತರಕ್ಕೆ ಉಬ್ಬಿತು. ಎರಡು ಹೆಜ್ಜೆ ನಡೆದು ಅತ್ತೆಯ ಪಕ್ಕ ನಿಂತೆ.

ಮಾವ ಮಗನ ಕಡೆ ನೋಡಿದರು. "ಏನಪ್ಪ ವೇಣು? ಒಂದು ಬೆಳೆ ತಾನೆ?"

ನನ್ನ ಗಂಡ ಕತ್ತಿನ ಹಿಂದೆ ಕೆರೆದುಕೊಂಡ. "ಅಪ್ಪ, ನಂಗೆ ಹಣ್ಣು ಹುಳ ಯಾವುದು, ಹಸೀದು ಯಾವುದು ಅಂತ್ಲೇ ಗೊತ್ತಾಗಲ್ಲ. ನಿಂಗೆ?"

ಮಾವ ಗಾಡಿಯ ಕಡೆ ತಿರುಗಿದರು. ಕಪ್ಪು ಗಾಡಿಯ ಮೈಯಲ್ಲಿ ಅವರ ಬಿಳಿ ಅಂಗಿ ಉದ್ದಕ್ಕೆ ಎಳೆದುಕೊಂಡು ಕಾಣುತ್ತಿತ್ತು. ಅದನ್ನು ನೋಡಿದರು. ಆಮೇಲೆ ಮೂಲೆಯ ಕಡೆ ಗಲ್ಲ ಎತ್ತಿ ಹುಡುಗನಿಗೆ ಹೇಳಿದರು, "ಆ ಚಿಕ್ಕದು ತೋರ್ಸಪ್ಪ."

"ಚಿಕ್ಕದಲ್ಲ, ಗಟ್ಟೀದು" ಎಂದರು ಅತ್ತೆ.

ಚಿರಂಜೀವಿಗೆ ಆಗ ಜ್ಞಾನೋದಯವಾಯಿತು. ಕೀಲಿ ತಂದು ನೇರ ಅತ್ತೆಯ ಮುಂದೆ ನಿಂತ. "ಬನ್ನಿ ಮೇಡಂ, ಒಂದು ರೌಂಡ್ ಹೋಗಣ." ಅತ್ತೆ ಕೀಲಿಯನ್ನು ತೆಗೆದು ನನ್ನ ಕೈಗಿಟ್ಟರು.

ಗಾಡಿ ಶೋರೂಮಿನಲ್ಲೇ ಸಿದ್ಧವಿತ್ತು; ಮಂಗಳವಾರ ಮನೆಗೆ ಬಂದು ಹಳೇ ಕಾರಿನ ಜಾಗದಲ್ಲೇ ನಿಂತಿತು. ಊರು ಬಿಡುತ್ತದೆಯೇ? ಟೀ ಅಂಗಡಿಯಲ್ಲಿ ಮಾವನನ್ನು ಹಿಡಿದರಂತೆ. "ಏನ್ ಮುನಿನಾರಾಯಣಪ್ಪ, ಆನೆ ತರ್ತೀನಿ ಅಂತ ಹೋದೋನು ಆಡು ತಂದ್ಯಾ?" ಮಾವ ಲೋಟ ಕೆಳಗಿಟ್ಟು, "ನಮ್ಮನೆಯೋಳು ತಳಕ್ಕೆ ಕೈ ಹಾಕಿ ಆರಿಸಿರೋದು ಕಣಯ್ಯ. ನಿನ್ನ ಆನೇನ ಹತ್ತು ವರ್ಷ ಆದ್ಮೇಲೆ ತಗಂಬಾ, ಆಗ ಮಾತಾಡಣ" ಎಂದರಂತೆ. ವೇಣು ಇದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದ. ಅತ್ತೆಯನ್ನು ಅವರು ಊರಿನ ಮುಂದೆ ಹೊಗಳಿದ್ದು ಅದೇ ಮೊದಲು. ನಾನದಕ್ಕೆ ಚಪ್ಪಾಳೆ ತಟ್ಟಲಿಲ್ಲ. ಹೊಗಳಿಕೆಯಲ್ಲ ಅದು, ತಡವಾಗಿ ಬಂದ ಬಾಕಿ. ಅತ್ತೆ ಮಾತ್ರ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ನಕ್ಕು ಬಂದರು.

ಬುಧವಾರ ಬೆಳಗ್ಗೆ ಹೊಸ ಕಾರಿನ ಮೊದಲ ಪಯಣ. ದೇವಸ್ಥಾನಕ್ಕಲ್ಲ, ಮದುವೆಗಲ್ಲ. ಮರಿಹುಳ ತರಲು. ಶೋರೂಮಿನವರು ಉಡುಗೊರೆಯೆಂದು ಇಟ್ಟಿದ್ದ ಸೆಂಟಿನ ಬಾಟಲಿಯನ್ನು ಆಂಜಿನಮ್ಮ ಎರಡು ಬೆರಳಲ್ಲಿ ಹಿಡಿದು ಆಚೆ ಬಿಸಾಕಿದರು, ಆಮೇಲೆ ಸೀಟಿನ ಅಂಚಿಗೆ ಕೂತರು. "ಸರಿಯಾಗಿ ಕೂರೇ, ನೀನೂ ಹುಳ ಮೇಯ್ಸಿದ್ದೀಯ" ಎಂದು ಅತ್ತೆ ಗದರಿಸಿದ ಮೇಲೆ ಹಿಂದಕ್ಕೆ ಒರಗಿದರು. ವಾಪಸ್ಸು ಬರುವಾಗ ಹುಳದ ತಟ್ಟೆಗಳು ಆಂಜಿನಮ್ಮನ ತೊಡೆಯ ಮೇಲೊಂದು, ಪಕ್ಕದಲ್ಲಿ ಕೂತ ಮಾವನ ತೊಡೆಯ ಮೇಲೊಂದು. ಅತ್ತೆ ಮುಂದೆ, ನನ್ನ ಪಕ್ಕ.

"ಅಲ್ಲಾಡಿಸ್ಬೇಡಿ" ಎಂದರು ಅತ್ತೆ, ಹಿಂದಕ್ಕೆ ತಿರುಗದೆ.

"ಇಲ್ಲ ಕಣೇ" ಎಂದರು ಮಾವ. ಎರಡೂ ಕೈಯಲ್ಲಿ ತಟ್ಟೆಯನ್ನು ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು, "ಇವು ಹಣ್ಣಾಗಿರೋದು ಹೆಂಗೆ ಗೊತ್ತಾಗ್ತದೆ?"

ಅತ್ತೆ ಹೇಳತೊಡಗಿದರು. ನಾನು ಗೇರು ಬದಲಿಸಿದೆ.