ಪುಟ್ಟ ದೇವನ ಹೊಟ್ಟೆನೋವು ಗುರುತಿಸಿದ ನಮ್ಮ ಹಟ್ಟಿಯ ಸಿಂಧುಜಾ

ಊಟಿ ಹತ್ತಿರದ ನಮ್ಮ ಸೋಲೂರು ಕಡೆಯ ಹಟ್ಟಿಗಳಲ್ಲಿ ಮಗು ಅತ್ತರೆ ಬರುವ ಮಾತು ಒಂದೇ. ದೃಷ್ಟಿ ತಾಗಿರಬೇಕು, ಇಲ್ಲವೇ ಹಲ್ಲು ಮೂಡುತ್ತಿರಬೇಕು. ಒಂದು ಭಾನುವಾರ ನಮ್ಮ ಹಟ್ಟಿಯ ಅಭಿನಯಾಳ ಮಗ ದೇವ ಅಳತೊಡಗಿದಾಗ ಅವಳ ಅತ್ತೆ ಚಿನ್ನಮ್ಮಾಳ್ ಕೂಡ ಅದನ್ನೇ ಹೇಳಿದರು. ಬಜೆ ತೇದು ನಾಲಿಗೆಗೆ ಸವರಿದರು, ದೃಷ್ಟಿ ತೆಗೆದರು.

ದೇವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಇದ್ದಕ್ಕಿದ್ದಂತೆ ಕಿರುಚಿ, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಳ್ಳುತ್ತಿದ್ದ. ಆಮೇಲೆ ಸುಸ್ತಾಗಿ ತಾಯಿಯ ಹೆಗಲಿಗೆ ಬೀಳುತ್ತಿದ್ದ. ಮತ್ತೆ ಅದೇ ಕಿರುಚಾಟ. ಕುಡಿದ ಹಾಲೆಲ್ಲ ವಾಂತಿಯಾಯಿತು.

ಅಭಿನಯಾ ಹೆದರಿ ಪಕ್ಕದ ಮನೆಯ ಸಿಂಧುಜಾಳನ್ನು ಕೂಗಿದಳು. ಸಿಂಧುಜಾ ಊಟಿಯ ಆಸ್ಪತ್ರೆಯೊಂದರಲ್ಲಿ ಫಿಜಿಷಿಯನ್ ಅಸಿಸ್ಟೆಂಟ್.

"ಅವಳನ್ನು ಯಾಕೆ ಕರೆದೆ?" ಚಿನ್ನಮ್ಮಾಳ್ ಗದರಿದರು. "ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅದೆಂಥ ಓದೋ!"

ಒಳಗೆ ಬಂದ ಸಿಂಧುಜಾಗೆ ಅದು ಕೇಳಿಸಿತು. "ಹೌದು ಅಜ್ಜಿ, ನಾನು ಡಾಕ್ಟರ್ ಅಲ್ಲ. ಡಾಕ್ಟರ ಜೊತೆ ಕೆಲಸ ಮಾಡೋಳು. ರೋಗಿಯನ್ನು ವಿಚಾರಿಸಿ, ಪರೀಕ್ಷೆ ಮಾಡಿ, ಯಾವುದಕ್ಕೆ ತಡ ಮಾಡಬಾರದು ಅಂತ ಅವರಿಗೆ ಹೇಳೋದು ನಮ್ಮ ಕೆಲಸ. ಅದಕ್ಕೇ ಕಾಲೇಜಲ್ಲಿ ಓದಿದ್ದು, ಆಸ್ಪತ್ರೆಯಲ್ಲಿ ತರಬೇತಿ ಪಡೆದಿದ್ದು. ಮಗುವನ್ನು ನೋಡಲಾ?"

ಅವಳು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟಿ ನೋಡಿದಳು. ಬಲಗಡೆ ಗಂಟಿನಂತೆ ಏನೋ ಸಿಕ್ಕಿತು. ಮಗುವಿನ ಬಟ್ಟೆಯಲ್ಲಿ ರಕ್ತ ಬೆರೆತ ಲೋಳೆ ಇತ್ತು.

"ಇದು ಹಲ್ಲಿನ ನೋವಲ್ಲ, ಅಕ್ಕ. ಕರುಳಿನ ತೊಂದರೆ ಇರಬಹುದು. ಸ್ಕ್ಯಾನ್ ಮಾಡಿಸಬೇಕು. ಬಾಯಿಗೆ ಏನೂ ಹಾಕಬೇಡಿ, ಈಗಲೇ ಹೊರಡೋಣ."

"ಸ್ಕ್ಯಾನಾ? ಅದು ಬಸುರಿಯರಿಗೆ ಮಾಡೋದು! ಎಳೇ ಮೈ, ಸುಟ್ಟುಗಿಟ್ಟು ಹೋದರೆ?"

"ಸುಡಲ್ಲ ಅಜ್ಜಿ, ಚುಚ್ಚಲ್ಲ. ಶಬ್ದದ ಅಲೆಗಳಿಂದ ಒಳಗಿನ ಚಿತ್ರ ಕಾಣುತ್ತೆ. ನೀವೂ ಬಂದು ಪಕ್ಕದಲ್ಲೇ ನಿಂತು ನೋಡಿ."

ದೇವನ ಅಪ್ಪ ಶಕ್ತಿವೇಲ್ ಟೀ ಎಲೆ ಸಾಗಿಸುವ ಪಿಕಪ್ ತೆಗೆದ, ಚಿನ್ನಮ್ಮಾಳ್ ಕೂಡ ಹತ್ತಿದರು. ದಾರಿಯಲ್ಲೇ ಸಿಂಧುಜಾ ತನ್ನ ಆಸ್ಪತ್ರೆಯ ಡಾಕ್ಟರ್ ಮುರಳೀಧರನ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

ಆಸ್ಪತ್ರೆ ತಲುಪಿದ ಕೂಡಲೇ ಡಾಕ್ಟರ್ ಮಗುವಿನ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬಳೆಯೊಳಗೆ ಬಳೆ ಇಟ್ಟಂತೆ ಕಂಡಿತು.

"ಸ್ವೆಟರ್ ಬಿಚ್ಚುವಾಗ ತೋಳು ಒಳಕ್ಕೆ ಮಡಚಿಕೊಳ್ಳುತ್ತಲ್ಲ, ಹಾಗೆ ಕರುಳು ಕರುಳಿನೊಳಗೇ ಹೊಕ್ಕಿದೆ," ಎಂದರು ಡಾಕ್ಟರ್. "ತಡವಾಗಿದ್ದರೆ ರಕ್ತ ಹರಿಯದೆ ಕೊಳೆಯುತ್ತಿತ್ತು. ಬೇಗ ತಂದಿದ್ದೀರಿ. ಕೊಯ್ಯದೆಯೇ ಸರಿಮಾಡಲು ನೋಡೋಣ."

ಒಳಹೊಕ್ಕ ಕರುಳನ್ನು ಹಿಂದಕ್ಕೆ ತಳ್ಳಲು, ಸ್ಕ್ಯಾನಿನಲ್ಲಿ ನೋಡುತ್ತಲೇ ಗುದದ್ವಾರದಲ್ಲಿ ತೆಳುವಾದ ಕೊಳವೆ ಇಟ್ಟು ಬೆಚ್ಚನೆಯ ಉಪ್ಪುನೀರು ಬಿಟ್ಟರು. ಸಿಂಧುಜಾ ಮಗುವನ್ನು ಅಲುಗದಂತೆ ಹಿಡಿದು ಮೆಲ್ಲಗೆ ಮಾತಾಡಿಸುತ್ತಿದ್ದಳು. ಚಿನ್ನಮ್ಮಾಳ್ ಪರದೆಯನ್ನೇ ನೋಡುತ್ತಿದ್ದರು. ನೋಡನೋಡುತ್ತಲೇ ಬಳೆಗಳು ಸರಿದು ಮಾಯವಾದವು.

"ಬಿಡಿಸಿಕೊಂಡಿತು!" ಡಾಕ್ಟರ್ ನಕ್ಕರು. "ಸಿಂಧುಜಾ ಸರಿಯಾಗಿ ಗುರುತಿಸಿ ಹೇಳಿದ್ದರಿಂದ ಎಲ್ಲ ಸಿದ್ಧವಾಗಿಟ್ಟಿದ್ದೆವು. ಮತ್ತೆ ಹಾಗಾಗುತ್ತದೆಯೇ ಅಂತ ನೋಡಬೇಕು, ನಾಳೆವರೆಗೆ ಇಲ್ಲೇ ಇರಲಿ."

ದೇವ ತಾಯಿಯ ಮಡಿಲಲ್ಲಿ ನೆಮ್ಮದಿಯಾಗಿ ನಿದ್ದೆಹೋದ. ಚಿನ್ನಮ್ಮಾಳ್ ಸಿಂಧುಜಾಳ ಎರಡೂ ಕೆನ್ನೆ ಸವರಿದರು. "ಇವಳು ನಮ್ಮ ಹಟ್ಟಿಯವಳು, ಡಾಕ್ಟ್ರೇ!" ಎಂದರು. ಹೊರಗೆ ಬಂದು ಗೇಟಿನ ಕಾವಲುಗಾರನಿಗೂ ಅದನ್ನೇ ತಮಿಳಿನಲ್ಲಿ ಹೇಳಿದರು. ಈಗ ಟೀ ಎಲೆ ತೂಗಿಸುವ ಶೆಡ್ಡಿನಲ್ಲೂ ಅದೇ ಮಾತು. ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಗು ಬಿಟ್ಟುಬಿಟ್ಟು ಕಿರುಚಿ ಕಾಲು ಮಡಚಿಕೊಂಡರೆ, ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಡಾಕ್ಟರ್ ಸ್ಕ್ಯಾನ್ ಮಾಡಿಸಿ ಎಂದರೆ ಹೆದರಬೇಡಿ. ನಿಮ್ಮ ಮನೆಯ ಹುಡುಗಿ ಇಂಥ ಓದಿಗೆ ಹೋಗುತ್ತೇನೆ ಎಂದರೆ, ಹೆಮ್ಮೆಯಿಂದ ಕಳಿಸಿಕೊಡಿ.