ನಾಲ್ಕನೇ ಅಧ್ಯಾಯದಿಂದ

ಸೀಮೆಸುಣ್ಣದ ಗೆರೆ ಸೊಟ್ಟಗಿದೆ, ಅಲ್ಲ, ಪ್ಯಾಂಟನ್ನೇ ಸೊಟ್ಟಗೆ ಹಾಸಿದ್ದಾಳೆ ಪುಟ್ಟಿ, ಫೋನು ಇಟ್ಟು ಇಷ್ಟು ಹೊತ್ತಾದರೂ ಆ ಹುಡುಗಿಯ ದನಿ ಕಿವಿಯಲ್ಲೇ ಕೂತಿದೆ, ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ಕಾದಂಬರಿ ನಿಜವಾಗಿ ಶುರುವಾಗೋದೇ ನಾಲ್ಕನೇ ಅಧ್ಯಾಯದಿಂದ, ಮೊದಲ ಮೂರನ್ನು ತೆಗೆದುಬಿಟ್ಟರೆ ನಾವು ಪುಸ್ತಕ ಮಾಡ್ತೀವಿ, ಸಂಜೆ ಮೀಟಿಂಗಿದೆ, ಈ ವರ್ಷದ ಪುಸ್ತಕಗಳೆಲ್ಲ ಅಲ್ಲೇ ತೀರ್ಮಾನ ಆಗೋದು, ಅಷ್ಟರೊಳಗೆ ಒಂದು ಮಾತು ಹೇಳಿಬಿಡಿ — ತೆಗೆದುಬಿಟ್ಟರೆ ಅಂತೆ, ಹಾಲಿನ ಮೇಲಿನ ಕೆನೆ ತೆಗೆದ ಹಾಗೆ. ಪ್ರಕಾಶನದ ಸಂಪಾದಕಿ, ವಯಸ್ಸಿನಲ್ಲಿ ಮಗಳಂತಿರಬಹುದು, ಮಾತಿನಲ್ಲಿ ಎಷ್ಟು ಮರ್ಯಾದೆ, ಬೈದಿದ್ದರೇ ವಾಸಿಯಾಗಿತ್ತು. ಸಂಜೆಯೊಳಗೆ ಹೇಳ್ತೀನಿ ಎಂದು ತೊದಲಿದಳು ಪುಟ್ಟಿ. ಪುಟ್ಟಿ! ತಲೆಯೆಲ್ಲ ನರೆತರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯೇ, ಹಾಗಾಗಿ ಬೀದಿಯವರೆಲ್ಲರ ಬಾಯಲ್ಲೂ ಪುಟ್ಟಿಯೇ, ಸದ್ಯ ಅಕ್ಕ ಹೊಲಿಗೆ ಅಂಗಡಿಯಲ್ಲಿಲ್ಲ, ಹೊಲಿದ ಪರದೆಗಳನ್ನು ಕೊಟ್ಟುಬರಲು ಹೋಗಿದ್ದಾಳೆ, ಇದ್ದಿದ್ದರೆ ಮುಖ ನೋಡಿಯೇ ಎಲ್ಲ ಹೇಳಿಬಿಡುತ್ತಿದ್ದಳು.

ಮೂರು ಅಧ್ಯಾಯ, ಆ ಮೂರಕ್ಕೆ ಆಯಸ್ಸನ್ನೇ ತೇದಿದ್ದಾಳೆ, ಯಾಕೆಂದರೆ ಎಲ್ಲ ಪ್ರಕಾಶಕರದೂ ಒಂದೇ ರಾಗ, ಮೊದಲ ಮೂರು ಅಧ್ಯಾಯ ಕಳಿಸಿ, ಹಿಡಿಸಿದರೆ ಉಳಿದದ್ದು ಕೇಳ್ತೀವಿ, ಹಿಡಿಸಲಿಲ್ಲ, ಯಾರಿಗೂ ಹಿಡಿಸಲಿಲ್ಲ, ಒಬ್ಬರು ನಿಧಾನ ಎಂದರು, ಓಡಿಸಿದಳು, ಇನ್ನೊಬ್ಬರು ಅವಸರ ಎಂದರು, ತಡೆದಳು, ಕೆಲವರು ಉತ್ತರವನ್ನೇ ಬರೆಯಲಿಲ್ಲ, ಅವರ ಮೌನಕ್ಕೂ ಒಂದು ಅರ್ಥ ಕಟ್ಟಿಕೊಂಡು ಮತ್ತೆ ತಿದ್ದಿದಳು — ಮೊದಲ ಪುಟದಲ್ಲಿ ಮಳೆ ಬಂತು, ಮಳೆ ನಿಂತಿತು, ಬಸ್ಸು ರೈಲಾಯಿತು, ರೈಲು ಮತ್ತೆ ಬಸ್ಸಾಯಿತು, ಅಕ್ಕ ಒಬ್ಬಳು ಮಾತ್ರ ಓಡುತ್ತಲೇ ಇದ್ದಳು, ಹೊರಟ ಬಸ್ಸಿನ ಹಿಂದೆ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಎತ್ತಿ ಹಿಡಿದ ಕೈಯಲ್ಲಿ ತಂಗಿ ಮರೆತುಬಂದ ಕನ್ನಡಕ. ಅದು ಕಥೆಯಲ್ಲ, ನಡೆದದ್ದೇ, ದೂರದ ಊರಿನ ಗಾರ್ಮೆಂಟ್ಸ್ ಕೆಲಸಕ್ಕೆಂದು ಪುಟ್ಟಿ ಮನೆ ಬಿಟ್ಟ ದಿನ. ಅಕ್ಕನನ್ನು ಸಾಯಿಸಿ, ಓದುಗರಿಗೆ ತಟ್ಟುತ್ತೆ ಎಂದ ಪುಣ್ಯಾತ್ಮನೂ ಒಬ್ಬನಿದ್ದ, ಸಾಯಿಸಿದಳು, ಆ ಬಸ್ಸಿಗೇ ಸಿಕ್ಕಿಸಿ ಸಾಯಿಸಿದಳು, ಎದುರಿನ ಮೆಷಿನ್ನಿನಲ್ಲಿ ಅಕ್ಕ ಗುನುಗುತ್ತ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕತೆಯಲ್ಲಿ ಈಗ ನಾನು ಎಲ್ಲಿದ್ದೀನೇ? ಓಡ್ತಾ ಇದ್ದೀಯಕ್ಕ. ಸಾವು ಸಹಜವಾಗಿಲ್ಲ ಎಂದು ಅದೇ ಪುಣ್ಯಾತ್ಮ ವಾಪಸು ಕಳಿಸಿದ, ಅಕ್ಕನನ್ನು ಮತ್ತೆ ಬದುಕಿಸಿ ಓಡಿಸಿದ್ದಾಯಿತು. ನಗು ಬರಬೇಕು, ಬರುವುದಿಲ್ಲ.

ನಾಲ್ಕನೇ ಅಧ್ಯಾಯದಿಂದ ಮುಂದಿನದನ್ನು ಮುಟ್ಟಿಯೇ ಇರಲಿಲ್ಲ, ಯಾರೂ ಕೇಳಲಿಲ್ಲವಲ್ಲ, ಊರಿಗೆ ಮರಳಿದ ಹೊಸದರಲ್ಲಿ ಒಂದೇ ಉಸಿರಿಗೆ ಬರೆದು ಕಟ್ಟಿಟ್ಟದ್ದು, ಸಾಲು ಮೆಷಿನ್ನುಗಳ ನಡುವೆ ಒಬ್ಬ ಹುಡುಗಿ, ಕನ್ನಡಕವಿಲ್ಲದ ಮಬ್ಬುಗಣ್ಣು, ಎಲ್ಲಿಂದ ಬಂದಳೆಂದು ಯಾರಿಗೂ ಬೇಕಿಲ್ಲ. ಈ ಸಲ ಮೂರು ಕೇಳಿದವರಿಗೆ ಸಿಟ್ಟಿನಲ್ಲಿ ಇಡೀ ಕಟ್ಟನ್ನೇ ಕಳಿಸಿದ್ದಳು, ಓದಿದರೆ ಓದಲಿ ಬಿಟ್ಟರೆ ಬಿಡಲಿ ಎಂದು, ಆ ಹುಡುಗಿ ಓದಿದಳು, ಅಲ್ಲಿಂದ ನೀವು ಉಸಿರಾಡ್ತಾ ಇದ್ದೀರಿ ಮೇಡಂ, ಮೊದಲ ಮೂರರಲ್ಲಿ ಬರೀ ಹೆದರಿಕೆ — ಗೊತ್ತು ಕಣಮ್ಮ, ನೀನು ಹೇಳಬೇಕಾಗಿಲ್ಲ, ತಿದ್ದಿ ತಿದ್ದಿ ಹೊಲಿಗೆ ಬಿಚ್ಚಿ ಹಾಕಿ ಬಟ್ಟೆಯೇ ಜಾಳಾಗಿದೆ, ಅದು ನನಗೂ ಕಾಣುತ್ತದೆ, ಕಂಡದ್ದಕ್ಕೇ ಈ ಸಿಟ್ಟು. ಆದರೆ ಅಕ್ಕ ಓದಿರುವುದು ಆ ಮೊದಲ ಪುಟವೊಂದನ್ನೇ, ಮತ್ತೆ ಮತ್ತೆ ಅದನ್ನೇ, ಮುಂದಿನದೆಲ್ಲ ಅಚ್ಚಾದ ಮೇಲೆ ಓದ್ತೀನಿ ಬಿಡು ಎಂದಿದ್ದಾಳೆ, ಬೆಳಗಿನ ಹೊತ್ತು ನೀನು ಬರಿ, ಅಂಗಡಿ ನಾನು ನೋಡ್ಕೋತೀನಿ ಎಂದು ಇಷ್ಟು ಕಾಲ ಒಬ್ಬಳೇ ಮೆಷಿನ್ನು ತುಳಿದವಳು, ಅಳತೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು, ಟೇಪು ಅವರ ಸೊಂಟದ ಸುತ್ತ ಇರುವಾಗಲೇ, ನಮ್ಮ ಪುಟ್ಟಿ ಪುಸ್ತಕ ಬರೀತಿದ್ದಾಳೆ, ಶುರುವಾಗೋದೇ ನನ್ನಿಂದ.

ಹಾಗಾದರೆ ಬೇಡ ಎನ್ನಲಿ, ಇಷ್ಟು ಕಾಲ ಬರಲಿಲ್ಲ, ಇನ್ನೂ ಬರದಿದ್ದರೆ ಆಕಾಶವೇನು ಕಳಚಿ ಬೀಳುವುದಿಲ್ಲ — ಸುಳ್ಳು, ಬೀಳುತ್ತದೆ, ಅವಳ ಆಕಾಶ ಬೀಳುತ್ತದೆ, ಇನ್ನೊಬ್ಬರು ಯಾರು ಪೂರ್ತಿ ಓದುತ್ತಾರೆ, ಬೇಕು ಅವಳಿಗೆ, ಬಾಯಿಬಿಟ್ಟು ಹೇಳಬೇಕೆಂದರೆ ಅಕ್ಕನಿಗಿಂತಲೂ ಬೇಕು. ಕತ್ತರಿ ಗೆರೆಗುಂಟ ನಡೆಯಿತು, ಪ್ಯಾಂಟಿನ ಒಂದು ಕಾಲಿನ ತುದಿ ಕಳಚಿ ಮೇಜಿಗೆ ಬಿತ್ತು, ಅಭ್ಯಾಸಬಲ, ಕೈ ತಾನಾಗಿ ಅದನ್ನು ಮಡಿಸಿ ಅದೇ ಪ್ಯಾಂಟಿನ ಜೇಬಿಗೆ ತುರುಕಿತು, ಅದು ಅಕ್ಕನ ಕಾನೂನು, ಕತ್ತರಿಸಿದ ತುಂಡು ಎಷ್ಟೇ ಚಿಕ್ಕದಿರಲಿ ಅವರವರ ಜೇಬಿನಲ್ಲೇ ಹಿಂದಿರುಗಿಸಬೇಕು, ಅವರು ಬಿಸಾಡಲಿ ಬಿಡಲಿ, ಅವರ ಬಟ್ಟೆ ಕಣೇ ಅದು. ಪುಸ್ತಕಕ್ಕೆ ಜೇಬು ಎಲ್ಲಿ? ಅರ್ಪಣೆ ಎಂದು ಒಂದು ಖಾಲಿ ಪುಟ, ನಡುವೆ ಅಕ್ಕನಿಗೆ ಎಂಬ ಒಂದೇ ಪದ, ಥೂ, ಅದು ಜೇಬಲ್ಲ, ಬಾಯಿಗೆ ಹಾಕುವ ಹೊಲಿಗೆ. ಆದರೂ ಫೋನು ಕೈಯಲ್ಲಿದೆ, ಯಾವಾಗ ಎತ್ತಿಕೊಂಡಳು, ಅತ್ತ ರಿಂಗಾಗುತ್ತಿದೆ, ಹೇಳಿ ಮೇಡಂ ಎಂದಿತು ಆ ಹುಡುಗಿಯ ದನಿ, ತೆಗೀರಿ ಎಂದಳು ಪುಟ್ಟಿ, ತೆಗೀರಮ್ಮ, ಮೂರನ್ನೂ ತೆಗೀರಿ, ಅಷ್ಟೇ, ಇಷ್ಟು ಸುಲಭವೇ, ಅತ್ತಲಿಂದ ಅಭಿನಂದನೆ, ಸಂತೋಷದ ಮಾತು, ಪ್ಯಾಂಟಿನ ಇನ್ನೊಂದು ಕಾಲು ಇನ್ನೂ ಉದ್ದವಾಗಿಯೇ ಮೇಜಿನ ಮೇಲೆ ಬಿದ್ದಿತ್ತು.

ಅಕ್ಕ ಬಂದಳು, ಏದುಸಿರು, ಪರದೆ ಮನೆಯವರ ಮೇಲೆ ದೂರು, ಬರಿಗಾಲಲ್ಲದೆ ಮೆಷಿನ್ನು ತುಳಿಯಲು ಬರದವಳು, ಕೂತವಳೇ ಚಪ್ಪಲಿ ಕಳಚಿ ಕೆಳಗಿನ ಚಿಂದಿಯೊಳಗೆ ಒದ್ದಳು, ದಿನಾ ಹೀಗೆ, ಎದ್ದಾಗ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಏನೇ ಮುಖ ಹಾಗಿದೆ, ಯಾರದಾದರೂ ಫೋನ್ ಬಂತಾ? ಪುಸ್ತಕ ಮಾಡ್ತಾರಂತಕ್ಕ. ಹೇಳಬೇಕಾದ ಇನ್ನೊಂದು ವಾಕ್ಯ ನಾಲಿಗೆಯ ತುದಿಯಲ್ಲಿದೆ, ಆದರೆ — ಆ ಆದರೆ ಹೊರಬೀಳಲಿಲ್ಲ, ಅಕ್ಕ ಮೆಷಿನ್ನಿನ ಮೇಲೆ ಎರಡೂ ಕೈ ಊರಿದಳು, ಕಣ್ಣೊರೆಸಿಕೊಂಡಳು, ಔಷಧಿ ಅಂಗಡಿಯವನು ನಂಬೋದೇ ಇಲ್ಲ ಅಂತಿದ್ದ, ಇರು, ಹೇಳಿಬರ್ತೀನಿ, ನನ್ನಿಂದಲೇ ಶುರು ಅಂತ ಹೇಳಿಬರ್ತೀನಿ, ಎದ್ದಳು, ಪಾದ ಚಿಂದಿಯೊಳಗೆ ತಡಕಿತು, ಒಂದು ಸಿಕ್ಕಿತು, ಅಕ್ಕ ನಿಲ್ಲು, ಎಂದಳೋ ಅಂದುಕೊಂಡಳೋ, ಅಕ್ಕ ಆಗಲೇ ಬಾಗಿಲು ದಾಟಿದ್ದಾಳೆ, ಬೀದಿಯಲ್ಲಿ ಓಡುತ್ತಿದ್ದಾಳೆ, ಈ ವಯಸ್ಸಿನಲ್ಲಿ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಕೈ ಎತ್ತಿಕೊಂಡು, ಮತ್ತು ಇಲ್ಲಿ, ಮೆಷಿನ್ನಿನ ಕೆಳಗೆ, ಚಿಂದಿಯ ನಡುವೆ, ಒಂದು ಚಪ್ಪಲಿ, ಒಂದು ಚಪ್ಪಲಿ