ಅಪ್ಪನ ಫೋಟೊದ ಕೆಳಗಿನ ತಣ್ಣೀರು

ನೀರಿನ ಕ್ಯಾನಿನೊಳಗೆ ದೊಡ್ಡದೊಂದು ಗುಳ್ಳೆ ಎದ್ದು "ಗುಡುಂ" ಎಂದಾಗಲೆಲ್ಲ ನನಗೆ ಅಪ್ಪ ನೆನಪಾಗುತ್ತಾನೆ. ಬದುಕಿದ್ದಾಗ ಅಪ್ಪ ಯಾರಿಗೂ ಒಂದು ಲೋಟ ನೀರು ಕೊಟ್ಟವನಲ್ಲ. ಹಿತ್ತಲ ಬಾವಿಗೆ ಕಬ್ಬಿಣದ ಮುಚ್ಚಳ ಮಾಡಿಸಿ ಬೀಗ ಜಡಿದಿದ್ದ. ಯಾರು ಏನು ಕೇಳಿದರೂ ಅವನ ಬಾಯಿಂದ "ಇಲ್ಲ" ಎಂಬುದೊಂದೇ ಬರುತ್ತಿತ್ತು. "ಹೂಂ" ಅಂದದ್ದನ್ನು ಮದುವೆ ಮಂಟಪದಲ್ಲಿ ಒಮ್ಮೆ ಮಾತ್ರ ಕೇಳಿದ್ದೆ ಎಂದು ಅವ್ವ ನಗುತ್ತಿದ್ದಳು.

ಅಂಥವನ ಮಗ, ನನ್ನ ಅಣ್ಣ ಚನ್ನವೀರ, ಅಪ್ಪ ತೀರಿಕೊಂಡ ಮರುವರ್ಷ ನೀರಿನ ವ್ಯಾಪಾರಕ್ಕೇ ಇಳಿದ. ಪೇಟೆಯ ಮೂಲೆಯಲ್ಲಿ ಅಂಗಡಿ ಹಿಡಿದು, ಶುದ್ಧ ನೀರಿನ ಕ್ಯಾನು, ಅದನ್ನು ತಣ್ಣಗೆ ಮಾಡುವ ಕೂಲರು ಮಾರುತ್ತೇನೆಂದು ಹೊರಟ. ನಮ್ಮೂರ ಬಿಸಿಲಿಗೆ ಇದಕ್ಕಿಂತ ಭವಿಷ್ಯವಿರುವ ವ್ಯಾಪಾರ ಇನ್ನೊಂದಿಲ್ಲ ಎಂಬುದು ಅವನ ನಂಬಿಕೆ. ಅವನ ಹೆಂಡತಿಯ ತಂದೆ, ಅಕ್ಕಿ ಗಿರಣಿಯ ಶಿವರುದ್ರಪ್ಪನವರು ಮಾತ್ರ ಮೂಗು ಮುರಿದರು.

"ನೀರು ಯಾರರ ಕೊಂಡು ಕುಡೀತಾರೇನೋ? ಬ್ಯಾಸಗಿ ಮುಗಿಯೋದ್ರೊಳಗ ನಡೀಲಿಲ್ಲಂದ್ರ ಸುಮ್ನ ಬಂದು ನನ್ನ ಗಿರಣ್ಯಾಗ ಕೂಡು," ಎಂದರು. ಅಣ್ಣ ಒಪ್ಪಿಕೊಂಡ. ಆದರೆ ಮಾವನ ಎದುರು ಕೈಕಟ್ಟಿ ಕೂರುವುದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಗಿರಾಕಿಗಳಿಗೆ ರುಚಿ ಹತ್ತಲೆಂದು ಒಂದು ಕೂಲರನ್ನು ಅಂಗಡಿಯ ಮುಂದೆ ಇಟ್ಟ. ಎಲ್ಲ ಅಂಗಡಿಕಾರರಂತೆ ಅಪ್ಪನ ಫೋಟೊಕ್ಕೆ ಹಾರ ಹಾಕಿ ಕೂಲರಿನ ಮೇಲ್ಗಡೆಯ ಗೋಡೆಗೆ ತೂಗುಹಾಕಿದ. ಎಡವಟ್ಟಾದದ್ದು ಅಲ್ಲೇ. ತೀರಿಕೊಂಡವರ ಹೆಸರಲ್ಲಿ ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಅರವಟ್ಟಿಗೆ ಇಡುವುದು ನಮ್ಮ ಕಡೆಯ ಬೇಸಿಗೆಯ ಪದ್ಧತಿ. ಹಾರ ಹಾಕಿದ ಫೋಟೊ, ಅದರಡಿ ತಣ್ಣೀರು. ಊರಿಗೆ ಇನ್ನೇನು ಬೇಕು? ಸಂತೆಗೆ ಬಂದವರೆಲ್ಲ ಹೊಟ್ಟೆತುಂಬ ಕುಡಿದು, ಫೋಟೊಕ್ಕೆ ಕೈಮುಗಿದು, "ಬಸವಂತಪ್ಪ ಸತ್ತ ಮ್ಯಾಲ ದೊಡ್ಡ ಮನುಷ್ಯಾ ಆದ ನೋಡ್ರಿ," ಎನ್ನುತ್ತ ಹೋದರು. ಕ್ಯಾನುಗಳು ಬರಿದಾಗುತ್ತಿದ್ದವು, ಮಾರಾಟ ಮಾತ್ರ ಇಲ್ಲ.

ಅಣ್ಣ ಬೇಸತ್ತು, ಇದು ಅರವಟ್ಟಿಗೆಯಲ್ಲ, ಮಾರಾಟದ ನೀರು ಎಂದು ಹಲಗೆ ಬರೆಸಿದ. ಅದನ್ನು ತೂಗುಹಾಕಲು ನಾವಿಬ್ಬರೂ ಹೋದಾಗ ಅವ್ವ ಕೂಲರಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಬೆಲ್ಲದ ತಟ್ಟೆ. ಬಂದವರಿಗೆ ಒಂದು ಚೂರು ಬೆಲ್ಲ ಕೊಟ್ಟು, ಲೋಟ ತುಂಬಿ ಕೊಡುತ್ತಿದ್ದಳು.

"ನಿಮ್ಮಪ್ಪನ ಹೆಸರು ಹೇಳಿ ಮಂದಿ ಕೈಮುಗಿಯೋದು ನಾ ಎಂದರ ಕಂಡಿದ್ನೇನೋ, ಚನ್ನಾ?"

ಅವಳ ಕಣ್ಣು ತುಂಬಿದ್ದವು. ಅಣ್ಣ ಹಲಗೆಯನ್ನು ಒಳಗೊಯ್ದು ಗೋಡೆಗೆ ಮುಖ ಮಾಡಿ ಇಟ್ಟ. "ಗಿರಣಿಗೇ ಹೋಗ್ತೀನಿ ಬಿಡು," ಎಂದು ನನಗೆ ಮೆಲ್ಲಗೆ ಹೇಳಿದ.

ಆ ವಾರವೇ ಬಟ್ಟೆ ಅಂಗಡಿಯ ಗುರುಲಿಂಗಪ್ಪ ಬುಸುಗುಡುತ್ತ ಬಂದ. "ಬಾವಿಗೆ ಕೀಲಿ ಹಾಕ್ದಾವನ ಹೆಸರಿಗೆ ಇಷ್ಟು ತಣ್ಣೀರು ಅಂದ್ರ ನಮ್ಮಪ್ಪ ಏನು ಕಡಿಮಿ ಆಗಿದ್ದ? ಬಸ್ ಸ್ಟ್ಯಾಂಡಿನ್ಯಾಗ ನಮ್ದೂ ಒಂದು ಕೂಲರ್ ಇಡು. ದಿನಾ ಕ್ಯಾನು ನೀನ ಹಾಕು, ರೊಕ್ಕ ನಂದು. ಫೋಟೊ ಮಾತ್ರ ನಿಮ್ಮಪ್ಪಂದಕ್ಕಿಂತ ದೊಡ್ಡದಿರ್ಲಿ."

ಅದನ್ನು ನೋಡಿ ಎದುರು ಅಂಗಡಿಯವರ ತಾಯಿಗೊಂದು, ಡಾಕ್ಟರ ಅಜ್ಜನಿಗೊಂದು. ಬೇಸಿಗೆ ಮುಗಿಯುವಷ್ಟರಲ್ಲಿ ಊರಿನ ಗತಿಸಿದ ಹಿರಿಯರೆಲ್ಲ ಅಣ್ಣನ ಗಿರಾಕಿಗಳಾಗಿದ್ದರು. ಅವನಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲ.

ಮಾತಿನಂತೆ ಶಿವರುದ್ರಪ್ಪನವರು ಅಳಿಯನನ್ನು ಕರೆದೊಯ್ಯಲು ಬಂದರು. ಬಿಸಿಲಲ್ಲಿ ಬಂದವರು ಮೊದಲು ಬೆಲ್ಲ ತಿಂದು ನೀರು ಕುಡಿದರು. ಕ್ಯಾನು ತುಂಬಿದ ಗಾಡಿಯ ಹಿಂದೆ ಬೆವರುತ್ತ ಓಡುತ್ತಿದ್ದ ಅಣ್ಣನನ್ನು ನೋಡುತ್ತ ನಿಂತರು. ಗಿರಣಿಗೆ ಬಾ ಎನ್ನಲೇ ಇಲ್ಲ.

"ನಮ್ಮವ್ವನ ಹೆಸರ್ಲೆ ಗಿರಣಿ ಮುಂದೂ ಒಂದು ಇಡಬೇಕಂತ ಅದೀನಿ," ಎಂದು ಗೊಣಗಿ, ಲೋಟವನ್ನು ಮತ್ತೆ ನಲ್ಲಿಗೆ ಹಿಡಿದರು. "ಇನ್ನೊಂದು ಲೋಟ ಕುಡೀಲೇನ್ರಿ, ಬೀಗತಿ?"

ಅವ್ವ ತಲೆಯೆತ್ತಿ ಫೋಟೊ ನೋಡಿದಳು. ಕ್ಯಾನಿನ ತಳದಿಂದ ಗುಳ್ಳೆಯೊಂದು ನಿಧಾನವಾಗಿ ಮೇಲೇರಿ "ಗುಡುಂ" ಎಂದಿತು.

"ಹೂಂ ಅಂದಾರ, ಕುಡೀರಿ," ಎಂದಳು ಅವ್ವ.